ಟೈರ್ ಒಂದೇ, ಫೋಟೊ ಎರಡು: ಹುಬ್ಬಳ್ಳಿಯ ಒಂದು ರೈತ ಮೆರವಣಿಗೆಯ ಪ್ರಕರಣ

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಮಳೆಗೆ ಹೆಸರು ಬೆಳೆ ಕಳೆದುಕೊಂಡ ರೈತರು ಕುಸುಗಲ್ ಕಡೆಯಿಂದ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ವರೆಗೆ, ಅಲ್ಲಿಂದ ಮಿನಿ ವಿಧಾನಸೌಧಕ್ಕೆ ಮೆರವಣಿಗೆ ಮಾಡಿದರು. ಫೋಟೊ ತೆಗೆಯೋಕೆ ನನ್ನನ್ನು ಕರೆದಿದ್ದರು. ನಾನು ಮದುವೆ, ಕುಬಸ, ಗೃಹಪ್ರವೇಶದ ಫೋಟೊಗ್ರಾಫರ್. ಸೀಸನ್ ಇಲ್ಲದಾಗ ಇಂಥ ಕೆಲಸ ಒಪ್ಪಿಕೊಳ್ಳುತ್ತೇನೆ. ಮೆರವಣಿಗೆ ಸಂಜೆಯೊಳಗೆ ಮುಗಿದು ಎಲ್ಲರೂ ಮನೆಗೆ ಹೋದರು. ಆದರೆ ಫೋಟೊಗಳಿಗೆ ಗಿರಾಕಿಗಳು ಬರೋಕೆ ಶುರುವಾಗಿದ್ದೇ ಆಮೇಲೆ. ಯಾರಿಗೆ ಯಾವುದು ಕೊಡಬೇಕು, ಯಾವುದು ಕೊಡಬಾರದು, ಯಾಕೆ ಅನ್ನೋದೇ ಈ ಪ್ರಕರಣ.

ಹೆಸರಿನ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿ, ಗದಗ ಕಡೆಯ ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಎರಡು ಎರಡೂವರೆ ತಿಂಗಳಿನ ಬೆಳೆ. ಆಗಸ್ಟ್‌ನಲ್ಲಿ ಕೈಗೆ ಬರುತ್ತದೆ, ಆ ದುಡ್ಡಿನಲ್ಲೇ ಹಿಂಗಾರಿಯ ಕಡಲೆ, ಜೋಳದ ಬೀಜ ಗೊಬ್ಬರ ಆಗಬೇಕು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಬೆಣ್ಣಿಹಳ್ಳ ತುಂಬಿದರೆ ಹೊಲಕ್ಕೆ ಹೋಗೋಕೂ ಆಗಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಹೆಸರುಕಾಳಿಗೆ ಕ್ವಿಂಟಲಿಗೆ 8,768 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಕೇಳೋಕೆ ಚೆಂದ. ಆದರೆ ತೇವಾಂಶ ಶೇ 12 ದಾಟಿದರೆ ಖರೀದಿ ಕೇಂದ್ರದಲ್ಲಿ ಚೀಲ ಇಳಿಸಿಕೊಳ್ಳುವುದಿಲ್ಲ. ಮಳೆಯಲ್ಲಿ ನೆನೆದ ಕಾಳಿನ ತೇವಾಂಶ ಎಷ್ಟಿರುತ್ತದೆ ನೀವೇ ಯೋಚಿಸಿ. ಇನ್ನು ಆ ವರ್ಷದ ವಿಪತ್ತು ಪರಿಹಾರ ನಿಧಿಯ ಲೆಕ್ಕದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ 2 ಹೆಕ್ಟೇರ್, ಅದೂ ಹಾನಿ ಶೇ 33 ದಾಟಿರಬೇಕಿತ್ತು. ಬೆಳೆ ವಿಮೆಯಲ್ಲಿ ಹೊಲಮಟ್ಟದ ಹಾನಿಗೆ 72 ಗಂಟೆಯೊಳಗೆ ದೂರು ಕೊಡಬೇಕು. ಕೆಸರಿನಲ್ಲಿ ನಿಂತು, ನೆಟ್‌ವರ್ಕ್ ಹುಡುಕುತ್ತಾ, 72 ಗಂಟೆ. ಜನ ರಸ್ತೆಗೆ ಬರದೆ ಇನ್ನೇನು ಮಾಡಬೇಕು?

ಈ ಸೀಮೆಗೆ ಮೆರವಣಿಗೆ ಹೊಸದೇನಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ (ನೀರಾವರಿ ಬಂದ ಹೊಲಕ್ಕೆ ಹಾಕಿದ ಅಭಿವೃದ್ಧಿ ಕರ) ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಇವತ್ತಿಗೂ ಪ್ರತಿ ವರ್ಷ ಅದೇ ದಿನ ಹುತಾತ್ಮರ ವೀರಗಲ್ಲಿಗೆ ಮಾಲೆ ಬೀಳುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. 2015ರಿಂದ ಮಹದಾಯಿ ನದಿ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. ಹೀಗಾಗಿ ಇಲ್ಲಿನ ಹಿರಿಯರಿಗೆ ಮೆರವಣಿಗೆ ಅಂದರೆ ಏನು, ಕೇಸ್ ಅಂದರೆ ಏನು, ಎರಡೂ ಗೊತ್ತು. ನನ್ನ ಮಟ್ಟಿಗೆ ತಲೆಯಲ್ಲಿ ಕೂತಿದ್ದು ಮಾತ್ರ ಬ್ಯಾಡಗಿಯ ಫೋಟೊಗಳು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತು ಅಂತ ಎಪಿಎಂಸಿಯಲ್ಲಿ ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಬಿತ್ತಲ್ಲ, ಆವತ್ತಿನದು ಅಂದರೆ ಈಗ ಎಲ್ಲರ ನೆನಪಿಗೆ ಬರೋದು ಉರಿಯುತ್ತಿರುವ ಗಾಡಿಗಳು. ದರ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೆಂಕಿ ಫೋಟೊಗೆ ಸಿಗುತ್ತದೆ, ದರ ಸಿಗುವುದಿಲ್ಲ. ದರವನ್ನು ಫೋಟೊದಲ್ಲಿ ಹೇಗೆ ತೋರಿಸೋದು ಅನ್ನೋದೇ ನನಗೆ ಇದ್ದ ನಿಜವಾದ ಕೆಲಸ.

ಮೆರವಣಿಗೆಗೆ ಮೊದಲು ಸಂಘಟಕರ ಜೊತೆ ಕೂತು ಮಾತಾಡಿದೆವು. ಚಹಾ ಕುಡಿಯುತ್ತಾ ಆದ ಮಾತೇ, ಆದರೆ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಮೊದಲು ಹಕ್ಕಿನ ವಿಷಯ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಮದುವೆ ಫೋಟೊಗೂ ಇದೇ ಕಾನೂನು, ನಮ್ಮ ಲೈನಿನಲ್ಲಿ ಅರ್ಧ ಮಂದಿಗೆ ಇದು ಗೊತ್ತಿಲ್ಲ. ಮೆರವಣಿಗೆ ವಿಷಯದಲ್ಲಿ ಇದು ಯಾಕೆ ಮುಖ್ಯ ಅಂದರೆ, ಹಕ್ಕು ಪೂರ್ತಿ ಸಂಘದ ಕೈಗೆ ಹೋದರೆ ನಾಳೆ ಸಂಘ ಒಡೆದಾಗ ಯಾವ ಬಣ ಯಾವ ಫೋಟೊ ಯಾರ ಫ್ಲೆಕ್ಸ್‌ಗೆ ಹಾಕುತ್ತದೋ ಹೇಳೋಕಾಗಲ್ಲ. ಹಾಗಾಗಿ ಖರ್ಚು ಅವರದ್ದು, ಹಕ್ಕು ನನ್ನದು, ಬಳಸೋ ಪರವಾನಗಿ ಅವರಿಗೆ ಅಂತ ಬರೆದು ಎರಡೂ ಕಡೆ ಸಹಿ ಮಾಡಿದೆವು. ಎರಡನೆಯದು ಮುಖಗಳು. ಯಾರಾದರೂ ತಮ್ಮ ಫೋಟೊ ಬೇಡ ಅಂದರೆ ಕಾರಣ ಕೇಳದೆ ಹೊರಗಿಡೋದು. ಡ್ರೋನ್ ಬೇಕು ಅಂತ ಹುಡುಗರು ಹಟ ಹಿಡಿದರು. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣ ಇಟ್ಟುಕೊಂಡ ಊರಿನಲ್ಲಿ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ, ಪರವಾನಗಿ ವಿಚಾರಿಸದೆ ಡ್ರೋನ್ ಎತ್ತುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೇಲಿಂದ ನೋಡಿದರೆ ಎಲ್ಲ ಮೆರವಣಿಗೆಯೂ ಒಂದೇ ಥರ ಕಾಣುತ್ತದೆ. ಬೇಡ ಅಂದೆ. ಮುಖ ಸಣ್ಣ ಮಾಡಿಕೊಂಡರು, ಬಿಟ್ಟರು.

ಬೆಳಿಗ್ಗೆ ಮೋಡ ಕವಿದಿತ್ತು. ಫೋಟೊಗೆ ಅದು ಒಳ್ಳೆಯದೇ. ಬಿಸಿಲಿದ್ದರೆ ಟೋಪಿ, ಟವೆಲ್ ಕೆಳಗೆ ಮುಖ ಪೂರ್ತಿ ಕಪ್ಪಾಗುತ್ತದೆ. ಒಂದು ಕ್ಯಾಮೆರಾಕ್ಕೆ ಹತ್ತಿರದ್ದಕ್ಕೆ 24-70 ಎಂಎಂ ಲೆನ್ಸ್, ಇನ್ನೊಂದಕ್ಕೆ ದೂರದ್ದಕ್ಕೆ 70-200. ನಡೆಯುವವರು ಶೇಕ್ ಆಗಬಾರದು ಅಂತ ಶಟರ್ 1/500ಕ್ಕಿಂತ ಕೆಳಗೆ ಇಳಿಸಲಿಲ್ಲ, ಹಿಂದಿನ ಸಾಲೂ ಕಾಣಲಿ ಅಂತ ಅಪರ್ಚರ್ ಎಫ್8. ಮದುವೆಯಲ್ಲಿ ಹಿಂದಿನದನ್ನು ಮಸುಕು ಮಾಡಿ ಮುಂದಿನವರನ್ನು ಎದ್ದು ಕಾಣಿಸೋದು ನಮ್ಮ ಚಾಳಿ. ಮೆರವಣಿಗೆಯಲ್ಲಿ ಅದನ್ನೇ ಮಾಡಿದರೆ ಮುಂದೆ ಬ್ಯಾನರ್ ಹಿಡಿದ ನಾಲ್ಕು ಜನ ಮಾತ್ರ ಉಳಿಯುತ್ತಾರೆ, ಉಳಿದವರೆಲ್ಲ ಬಣ್ಣದ ಕಲೆ. ಇನ್ನೊಂದು ಮುಂಜಾಗ್ರತೆ: ಎರಡೂ ಕ್ಯಾಮೆರಾದ ಗಡಿಯಾರವನ್ನು ಮೊಬೈಲ್ ಜೊತೆ ಸೆಕೆಂಡಿಗೆ ಸರಿಯಾಗಿ ಹೊಂದಿಸಿಕೊಂಡೆ. ಸಣ್ಣ ಕೆಲಸ. ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಮುಂದಿನ ಸಾಲಿನ ಫೋಟೊ ತೆಗೆದೆ, ತೆಗೆಯಲೇಬೇಕು. ಮುಖಂಡರು, ಹಸಿರು ಶಾಲು, ಬ್ಯಾನರ್, ಎತ್ತಿದ ಕೈ. ಮರುದಿನದ ಪೇಪರಿಗೆ ಹೋಗೋದು ಅದೇ. ಹತ್ತು ನಿಮಿಷದಲ್ಲಿ ಆ ಕೆಲಸ ಮುಗಿಸಿ ಹಿಂದಕ್ಕೆ ಹೋದೆ. ಮೆರವಣಿಗೆ ಯಾಕೆ ನಡೆಯುತ್ತಿದೆ ಅಂತ ಗೊತ್ತಾಗೋದು ಹಿಂದೆಯೇ. ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಕಿತ್ತು ತಂದ ಹೆಸರಿನ ಗಿಡ ರಾಶಿ ಹಾಕಿದ್ದರು. ಹತ್ತಿರ ಹೋದರೆ ಹುಳಿ ವಾಸನೆ. ಟ್ರೇಲಿ ಪಕ್ಕ ನಡೆಯುತ್ತಿದ್ದ ಒಬ್ಬ ಹೆಣ್ಣುಮಗಳು ಒಂದು ಕಾಯಿ ಕಿತ್ತು ಉಗುರಿನಿಂದ ಸೀಳಿ ನನ್ನ ಕಡೆ ಹಿಡಿದಳು. "ಮಂದಿ ಫೋಟೊ ಏನ್ ತೆಗೀತೀರಿ, ಇದನ್ನ ತೆಗೀರಿ." ಒಳಗೆ ಒಂದೊಂದು ಕಾಳಿಗೂ ಬಿಳಿ ಬಾಲ ಬಂದಿತ್ತು, ಒಂದೆರಡು ಕಾಳಿನ ಸಿಪ್ಪೆ ಸುಲಿದು ಹಸಿರು ಹೋಗಿ ಕಂದು ಬಣ್ಣ. ಅವಳ ಹೆಬ್ಬೆರಳಿನ ಸಂದಿಯಲ್ಲಿ ಎರಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಎಫ್8ರಲ್ಲೇ ಹತ್ತಿರದಿಂದ ತೆಗೆದೆ, ಮುಖ ಇಲ್ಲ, ಕೈ ಮತ್ತು ಕಾಯಿ ಅಷ್ಟೇ, ಹಿಂದೆ ಟ್ರೇಲಿಯ ಅಂಚು. ಅದೇ ಗಿಡದ ರಾಶಿಯನ್ನು ಮೊಬೈಲಿನ ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲೂ ತೆಗೆದಿಟ್ಟೆ. ಆ ಆ್ಯಪ್ ಫೋಟೊದ ಕೆಳಗೆ ಜಾಗ, ತಾರೀಖು, ಹೊತ್ತು ಮುದ್ರಿಸುತ್ತದೆ. ನೋಡೋಕೆ ಚೆನ್ನಾಗಿರಲ್ಲ, ಆದರೆ ಸರ್ವೆಗೆ ಬರೋ ಅಧಿಕಾರಿಗಳಿಗೆ ಅರ್ಥವಾಗೋ ಭಾಷೆ ಅದು. ಒಂದು ಮಾತು: ಅದು ತೋರಿಸೋದು ಮೆರವಣಿಗೆ ಇದ್ದ ರಸ್ತೆಯ ಜಾಗ, ಹೊಲದ್ದಲ್ಲ. ಹಾಗಾಗಿ ಹೊಲದಲ್ಲೇ ತೆಗೆದ ಮೊಬೈಲ್ ಫೋಟೊ ಯಾರ ಹತ್ತಿರ ಇದೆಯೋ ಅವರಿಂದ ಸರ್ವೆ ನಂಬರ್ ಸಮೇತ ತರಿಸಿಕೊಳ್ಳಿ ಅಂತ ಸಂಘಟಕರಿಗೆ ಹೇಳಿದೆ. ತರಿಸಿಕೊಂಡರು. ಮನವಿ ಪತ್ರಕ್ಕೆ ಅವನ್ನೇ ಲಗತ್ತಿಸಿದರು, ಮೇಲೆ ಈ ಕೈಯ ಫೋಟೊ.

ಜನ ಎಷ್ಟು ಸೇರಿದ್ದರು ಅನ್ನೋದು ಪ್ರತಿ ಮೆರವಣಿಗೆಯ ಜಗಳ. ಸಂಘಟಕರದ್ದು ಒಂದು ಲೆಕ್ಕ, ಪೊಲೀಸರದ್ದು ಇನ್ನೊಂದು. ನಿಂತ ಗುಂಪಿಗೆ ಒಂದು ಹಳೇ ಉಪಾಯ ಇದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಮೇಷ್ಟ್ರು ಹರ್ಬರ್ಟ್ ಜೇಕಬ್ಸ್ ಕಿಟಕಿಯಿಂದ ವಿಯೆಟ್ನಾಂ ಯುದ್ಧದ ವಿರುದ್ಧ ಸೇರಿದ್ದ ವಿದ್ಯಾರ್ಥಿಗಳನ್ನು ನೋಡಿ ಕಂಡುಹಿಡಿದದ್ದು. ಮೈದಾನವನ್ನು ಚೌಕಗಳಾಗಿ ಭಾಗಿಸಿ, ಒಂದು ಚೌಕದಲ್ಲಿ ಎಷ್ಟು ಮಂದಿ ಅಂತ ಎಣಿಸಿ, ಗುಣಿಸೋದು. ಸಡಿಲವಾದ ಗುಂಪಿದ್ದರೆ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತಾಗಿದ್ದರೆ ನಾಲ್ಕೂವರೆ. ನಡೆಯುವ ಮೆರವಣಿಗೆಗೆ ಇದು ಹೊಂದುವುದಿಲ್ಲ. ಅದಕ್ಕೆ ಕೇಶ್ವಾಪುರದಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ಪರಿಚಯದ ಹುಡುಗನನ್ನು ನಿಲ್ಲಿಸಿದ್ದೆ. ಒಂದೇ ಕಂಬಕ್ಕೆ ಫ್ರೇಮ್ ಇಟ್ಟು ಮೆರವಣಿಗೆಯ ತಲೆಯಿಂದ ಬಾಲದವರೆಗೆ ನಿಮಿಷಕ್ಕೊಂದು ಫೋಟೊ ತೆಗೆಯೋದು ಅವನ ಕೆಲಸ, ಮಧ್ಯೆ ಮಧ್ಯೆ ಒಂದು ನಿಮಿಷದಲ್ಲಿ ಕಂಬ ದಾಟಿದವರನ್ನು ಎಣಿಸೋದು. ಮನೆಗೆ ಬಂದು ಕೂಡಿಸಿದಾಗ ಬಂದ ಸಂಖ್ಯೆ ಸಂಘಟಕರು ವೇದಿಕೆಯಲ್ಲಿ ಹೇಳಿದ್ದಕ್ಕಿಂತ ಬಹಳ ಕಡಿಮೆ, ಪೊಲೀಸರ ಅಂದಾಜಿಗಿಂತ ಸಾಕಷ್ಟು ಜಾಸ್ತಿ. ಇಬ್ಬರಿಗೂ ಹೇಳಿದೆ. ಇಬ್ಬರಿಗೂ ಹಿಡಿಸಲಿಲ್ಲ.

ಈಗ ಟೈರಿನ ವಿಷಯ.

ಚೆನ್ನಮ್ಮ ಸರ್ಕಲ್‌ಗೆ ಬಂದಾಗ ಮೆರವಣಿಗೆ ಸ್ವಲ್ಪ ಹೊತ್ತು ನಿಂತಿತು. ಹುಬ್ಬಳ್ಳಿಯಲ್ಲಿ ಏನೇ ಹೋರಾಟ ಆಗಲಿ, ಕುದುರೆ ಮೇಲಿನ ಚೆನ್ನಮ್ಮನ ಮುಂದೆ ಒಂದು ಫೋಟೊ ಆಗಲೇಬೇಕು, ಫ್ಲೈಓವರ್ ಕೆಲಸ ಶುರುವಾದ ಮೇಲೆ ಆ್ಯಂಗಲ್ ಸಿಗೋದು ಕಷ್ಟವಾದರೂ ಬಿಡಲ್ಲ. ಅಲ್ಲಿ ಐದಾರು ಹುಡುಗರು ಎಲ್ಲಿಂದಲೋ ಒಂದು ಹಳೇ ಸ್ಕೂಟರ್ ಟೈರ್ ತಂದು ಬೆಂಕಿ ಹಚ್ಚಿದರು. ಸ್ಕೂಟರ್ ಟೈರ್, ಲಾರಿಯದ್ದಲ್ಲ. ಸಂಘಟಕರಲ್ಲೇ ಒಬ್ಬರು ಬೈದು ನೀರು ಸುರಿದರು. ಎಲ್ಲ ಸೇರಿ ಮೂರ್ನಾಲ್ಕು ನಿಮಿಷದ ಕಥೆ. ಮಳೆಗಾಲದ ತೇವಕ್ಕೆ ಉರಿಗಿಂತ ಹೊಗೆ ಜಾಸ್ತಿ.

ನಾನು ಎರಡು ಫೋಟೊ ತೆಗೆದೆ. ಮೊದಲನೆಯದು ದೂರದಿಂದ, 200 ಎಂಎಂನಲ್ಲಿ, ಕೂತುಕೊಂಡು. ದೂರ ನಿಂತು ಟೆಲಿ ಲೆನ್ಸ್ ಹಾಕಿದರೆ ಮುಂದಿನದು, ಹಿಂದಿನದು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಟೈರಿನ ಹೊಗೆ, ಅದರ ಹಿಂದೆ ಅಷ್ಟು ದೂರ ನಿಂತಿದ್ದ ಜನ, ಫ್ಲೈಓವರ್ ಕಂಬ, ಚೆನ್ನಮ್ಮನ ಕತ್ತಿ ಎಲ್ಲ ಒಂದರ ಮೇಲೊಂದು ಬಿದ್ದು ಊರೇ ಹೊತ್ತಿ ಉರಿಯುತ್ತಿದೆ ಅನ್ನಿಸುವ ಚಿತ್ರ. ನೋಡೋಕೆ ಬಲು ಜೋರಾಗಿದೆ, ಸುಳ್ಳು ಯಾಕೆ ಹೇಳಲಿ. ಎರಡನೆಯದು ಅದಾದ ಅರ್ಧ ನಿಮಿಷಕ್ಕೆ, ಎದ್ದು ಹತ್ತಿರ ಹೋಗಿ, 24 ಎಂಎಂನಲ್ಲಿ. ಅದರಲ್ಲಿ ಹೊಗೆ ಒಂದು ಮೂಲೆ. ಐದಾರು ಹುಡುಗರು, ಅದರಲ್ಲಿ ಇಬ್ಬರು ಮೊಬೈಲಿನಲ್ಲಿ ರೀಲ್ ಮಾಡುತ್ತಿದ್ದಾರೆ. ಕೊಡ ಹಿಡಿದು ಓಡಿ ಬರುತ್ತಿರುವ ಹಿರಿಯರು. ಟ್ರಾಫಿಕ್ ಪೊಲೀಸ್ ಒಬ್ಬ ಬಸ್ಸಿಗೆ ದಾರಿ ಮಾಡಿಕೊಡುತ್ತಿದ್ದಾನೆ. ಬಲಗಡೆ ಗಿರ್ಮಿಟ್ ಗಾಡಿಯವನು ಚುರುಮುರಿ ಕಲೆಸುತ್ತಿದ್ದಾನೆ, ಮುಂದೆ ನಿಂತ ಗಿರಾಕಿಗಳು ಟೈರಿನ ಕಡೆ ನೋಡುತ್ತಲೂ ಇಲ್ಲ.

ಎರಡೂ ಎಡಿಟ್ ಇಲ್ಲದ ಫೋಟೊ. ಎರಡರಲ್ಲೂ ಇರುವುದು ನಡೆದದ್ದೇ. ಆದರೆ ಮೊದಲನೆಯದನ್ನು ಒಂಟಿಯಾಗಿ ಬಿಟ್ಟರೆ ನೋಡಿದವನು ನಂಬೋದು ನಡೆಯದೇ ಇದ್ದದ್ದನ್ನು. ಹಾಗಾಗಿ ಇವೆರಡನ್ನೂ ಬಿಡಿಸಿ ಕೊಡಬಾರದು ಅಂತ ನಿರ್ಧಾರ ಮಾಡಿದೆ. ಕೊಟ್ಟರೆ ಜೋಡಿ, ಇಲ್ಲದಿದ್ದರೆ ಎರಡೂ ಇಲ್ಲ. ಕೆಲವು ಗೆಳೆಯರು ಇದನ್ನು ಒಪ್ಪುವುದಿಲ್ಲ. ಫೋಟೊಗ್ರಾಫರ್ ಕೆಲಸ ತೆಗೆಯೋದು, ಅರ್ಥ ಮಾಡಿಕೊಳ್ಳೋದು ನೋಡುವವರ ಕೆಲಸ ಅನ್ನುತ್ತಾರೆ. ಲೆನ್ಸ್ ಆರಿಸಿದ್ದು ನಾನು, ಎಲ್ಲಿ ಕೂರಬೇಕು ಅಂತ ಆರಿಸಿದ್ದೂ ನಾನು. ಅಲ್ಲಿಗೆ ಬಂದಾಗ ಮಾತ್ರ ಜವಾಬ್ದಾರಿ ನೋಡುವವರದ್ದು ಹೇಗಾಗುತ್ತದೆ?

ಸಂಜೆಯೇ ಮೊದಲ ಫೋನ್. ಒಬ್ಬ ಮುಖಂಡರ ಕಡೆಯ ಹುಡುಗ. ಹೊಗೆಯ ಫೋಟೊ ತೆಗೆದದ್ದನ್ನು ಅವನು ನೋಡಿದ್ದ. "ಅಣ್ಣಾ, ಅದೊಂದ ಕಳಸ್ರಿ, ಸ್ಟೇಟಸ್ ಹಾಕ್ತೀನಿ." ಜೋಡಿ ಕಳಿಸುತ್ತೇನೆ ಅಂದೆ. ಗಿರ್ಮಿಟ್ ಫೋಟೊ ಯಾರಿಗೆ ಬೇಕು ಅಂತ ನಕ್ಕು ಫೋನ್ ಇಟ್ಟ. ಅದೇ ರಾತ್ರಿ ಇನ್ನೊಂದು ಪಾಳಯದವರೂ ಅದೇ ಫೋಟೊ ಕೇಳಿದರು, ರೈತರ ಹೆಸರಿನಲ್ಲಿ ಪುಂಡಾಟ ಅಂತ ತೋರಿಸೋಕೆ. ವಿರೋಧಿ ಬಣಗಳು ಎರಡಕ್ಕೂ ಬೇಕಾಗಿದ್ದು ಒಂದೇ ಫೋಟೊ. ಅವರಿಗೂ ಅದೇ ಉತ್ತರ ಕೊಟ್ಟೆ. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಹೊಗೆಯ ಫೋಟೊ ಗ್ರೂಪುಗಳಲ್ಲಿ ಹರಿದಾಡುತ್ತಿತ್ತು, ಕೆಳಗೆ "ಹುಬ್ಬಳ್ಳಿ ಉದ್ವಿಗ್ನ" ಅಂತ. ಆಗ ಸಂಘಟಕರ ಒಪ್ಪಿಗೆ ಪಡೆದು ನನ್ನ ಜೋಡಿ ಫೋಟೊವನ್ನು, ಹುಡುಗರ ಮುಖ ಮಸುಕು ಮಾಡಿ, ಎರಡಕ್ಕೂ ಹೊತ್ತು, ಜಾಗ, ಏನು ನಡೆಯಿತು ಅನ್ನೋದನ್ನು ಫೋಟೊದ ಮೇಲೇ ಬರೆದು ಬಿಟ್ಟೆ. ಬೇರೆ ಕಡೆ ಬರೆದ ವಿವರ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ, ಫೋಟೊದ ಮೇಲೆ ಅಚ್ಚಾಗಿದ್ದರೆ ಕತ್ತರಿಸದೆ ತೆಗೆಯೋಕಾಗಲ್ಲ. ಕ್ಯಾಮೆರಾ ಗಡಿಯಾರ ಹೊಂದಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಎರಡು ಕ್ಯಾಮೆರಾದ ಎರಡು ಫೋಟೊ ನಡುವೆ ಅರ್ಧ ನಿಮಿಷ ಅಂತ ಗಟ್ಟಿಯಾಗಿ ಹೇಳಬಹುದಿತ್ತು. ಆ ಜೋಡಿ ಹೊಗೆಯ ಫೋಟೊದಷ್ಟು ಓಡಲಿಲ್ಲ. ಓಡೋದೂ ಇಲ್ಲ. ಆದರೆ ಒಂದೆರಡು ಗ್ರೂಪಿನಲ್ಲಿ "ಉದ್ವಿಗ್ನ" ಅನ್ನೋ ಮಾತಿನ ಕೆಳಗೆ ಅದನ್ನು ಹಾಕಿದ ಮೇಲೆ ಚರ್ಚೆ ಮತ್ತೆ ಹೆಸರಿನ ದರಕ್ಕೆ ಬಂತು.

ಎರಡು ದಿನ ಬಿಟ್ಟು ಒಂದು ಠಾಣೆಯಿಂದ ಕರೆ. ಟೈರ್ ಹಚ್ಚಿದವರ ಫೋಟೊ ಇದ್ದರೆ ವಾಟ್ಸಾಪ್ ಮಾಡಿ, ಸುಮ್ನೆ ನೋಡೋಕೆ ಅಂತ. ದನಿ ಸೌಜನ್ಯದ್ದೇ. ನಾನೂ ಸೌಜನ್ಯದಿಂದಲೇ, ಲಿಖಿತವಾಗಿ ಕೇಳಿದರೆ ಕೊಡುತ್ತೇನೆ ಅಂದೆ. ಇದು ಹಟ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್‌ನಲ್ಲಿ ಠಾಣಾಧಿಕಾರಿ ಲಿಖಿತ ಆದೇಶ ಕೊಟ್ಟು ದಾಖಲೆ ಕೇಳಬಹುದು ಅಂತಿದೆ, ಹಳೇ ಸಿಆರ್‌ಪಿಸಿಯಲ್ಲಿ ಇದೇ 91 ಆಗಿತ್ತು. ಆದೇಶ ಬಂದರೆ ಕೊಡಲೇಬೇಕು, ಮುಚ್ಚಿಡೋದು ತಪ್ಪು. ಬಂದಾಗ ಏನು ಕೊಟ್ಟೆ, ಯಾವ ಕೇಸಿಗೆ ಕೊಟ್ಟೆ ಅಂತ ನನ್ನ ಹತ್ತಿರವೂ ಕಾಗದ ಇರುತ್ತದೆ. ಜೊತೆಗೆ ವಾಟ್ಸಾಪ್‌ನಲ್ಲಿ ಮಾಮೂಲಿ ಕಳಿಸಿದ ಫೋಟೊ ಕುಗ್ಗುತ್ತದೆ, ಅದರೊಳಗಿನ ತಾರೀಖು, ಕ್ಯಾಮೆರಾ ವಿವರ ಅಳಿಸಿಹೋಗುತ್ತದೆ. ಕೋರ್ಟಿಗೆ ಸಾಕ್ಷಿಯಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲು ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥ ಗುರುತು, ಬರೆಯಬೇಕು. ಅಂದರೆ ವಾಟ್ಸಾಪ್ ಫೋಟೊ ಕಾನೂನಿಗೆ ಅಷ್ಟಾಗಿ ಉಪಯೋಗವಿಲ್ಲ, ಮುಖ ಗುರುತು ಹಿಡಿಯೋಕೆ ಮಾತ್ರ ಉಪಯೋಗ. ಆ ಮುಖ ಯಾರದ್ದು ಅನ್ನೋದೂ ಪ್ರಶ್ನೆ. ಟೆಲಿ ಫೋಟೊದಲ್ಲಿ ಟೈರಿಗೆ ಅಂಟಿಕೊಂಡ ಹಾಗೆ ಕಾಣುವವರು ನಿಜವಾಗಿ ಅಷ್ಟು ದೂರದಲ್ಲಿ ಸುಮ್ನೆ ನಿಂತಿದ್ದವರು. ಅಂಥವರ ಹೆಸರು ಅಕ್ರಮ ಕೂಟದ ಕೇಸಿಗೆ ಸೇರಿದರೆ ತೆಗೆಸೋದು ಎಷ್ಟು ಕಷ್ಟ ಅಂತ ಮಹದಾಯಿ ಹೋರಾಟದಲ್ಲಿ ಕೋರ್ಟಿಗೆ ಅಲೆದವರನ್ನು ಕೇಳಿ.

ಲಿಖಿತ ಆದೇಶ ಬರಲಿಲ್ಲ. ಆದರೂ ಬರಬಹುದು ಅಂತಲೇ ತಯಾರಿ ಮಾಡಿಟ್ಟೆ. ಕ್ಯಾಮೆರಾದಿಂದ ನೇರವಾಗಿ ಬಂದ ಅಸಲಿ ರಾ ಫೈಲುಗಳನ್ನು ಒಂದೂ ಅಳಿಸದೆ ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ, ಎಲ್ಲದರ ಹ್ಯಾಶ್ ತೆಗೆದು ಒಂದು ಪಟ್ಟಿ ಮಾಡಿದೆ. ಹಂಚೋಕೆ ಅಂತ ಬೇರೆ ಫೋಲ್ಡರ್, ಅದರಲ್ಲಿ ಆರಿಸಿದ, ಅಗತ್ಯವಿದ್ದಲ್ಲಿ ಮುಖ ಮಸುಕಾದ ಪ್ರತಿಗಳು. ಅಸಲಿಯಲ್ಲಿ ಮಸುಕು ಮಾಡಬಾರದು, ಹಂಚುವ ಪ್ರತಿಯಲ್ಲಿ ಮಾಡದೆ ಇರಬಾರದು. ಮೊಸಾಯಿಕ್ ಹಾಕೋದಕ್ಕಿಂತ ಗಟ್ಟಿ ಬಣ್ಣದ ಚೌಕ ಹಾಕೋದು ಮೇಲು, ಹಗುರ ಮಸುಕನ್ನು ಸಾಫ್ಟ್‌ವೇರ್ ಹಾಕಿ ಗುರುತು ಹಿಡಿಯೋ ಕಾಲ ಇದು.

ನನಗೆ ಎಲ್ಲಕ್ಕಿಂತ ಜಾಸ್ತಿ ಯೋಚನೆ ಹಚ್ಚಿದ್ದು ಮಾತ್ರ ಬೇರೆಯದೇ ಕರೆ. ಅತಿಥಿ ಶಿಕ್ಷಕನಾಗಿರುವ ಒಬ್ಬ ಹುಡುಗ. ಅಪ್ಪನ ನಾಲ್ಕು ಎಕರೆ ಹೆಸರು ಹೋಗಿದೆ, ಅಪ್ಪನಿಗೆ ನಡೆಯೋಕಾಗಲ್ಲ ಅಂತ ಇವನು ರಜೆ ಹಾಕಿ ಬಂದಿದ್ದ. ಮೆರವಣಿಗೆಯಲ್ಲಿ ಅವನದ್ದೇ ಒಳ್ಳೆಯ ಫೋಟೊ ಒಂದಿತ್ತು, ಅಪ್ಪನ ಟವೆಲ್ ಹೆಗಲ ಮೇಲೆ, ಕೈಯಲ್ಲಿ ಪಹಣಿ ಪತ್ರ ಸುರುಳಿ ಸುತ್ತಿ ಹಿಡಿದದ್ದು. ನಾಳೆ ಕೆಲಸ ಮುಂದುವರಿಸೋ ಹೊತ್ತಿಗೆ ಯಾರಾದರೂ ಅದನ್ನು ತೋರಿಸಿದರೆ ಅಂತ ಅವನ ಭಯ. ಅದಕ್ಕೆ ಆಧಾರ ಇದೆಯೋ ಇಲ್ಲವೋ, ನಾನು ವಾದ ಮಾಡಲಿಲ್ಲ. ಹಾಳೆಯಲ್ಲಿ ಬರೆದದ್ದು ಬರೆದದ್ದೇ. ಹಂಚುವ ಫೋಲ್ಡರಿನಿಂದ ತೆಗೆದೆ. ಸಂಘಟಕರಿಗೆ ಬೇಸರವಾಯಿತು, ಪ್ರದರ್ಶನಕ್ಕೆ ಅದನ್ನೇ ದೊಡ್ಡದಾಗಿ ಹಾಕಬೇಕು ಅಂದುಕೊಂಡಿದ್ದರು. ಪಹಣಿ ಹಿಡಿದ ಕೈಯಷ್ಟನ್ನೇ ಕತ್ತರಿಸಿ ಕೊಡಲಾ ಅಂತ ಹುಡುಗನನ್ನು ಕೇಳಿದೆ. ಸರ್ವೆ ನಂಬರ್ ಕಾಣಬಾರದು ಅಂದ. ಪಹಣಿ ಹೊರಮುಖವಾಗಿ ಸುತ್ತಿದ್ದರಿಂದ ಅಕ್ಷರ ಓದುವ ಹಾಗಿತ್ತು. ಅದನ್ನೂ ಬಿಟ್ಟೆವು.

ಪ್ರದರ್ಶನ ನಡೆದದ್ದು ನವಲಗುಂದ ತಾಲ್ಲೂಕಿನ ಒಂದು ಊರಿನ ಗುಡಿಯ ಕಟ್ಟೆಯಲ್ಲಿ, ಹಗ್ಗಕ್ಕೆ ಕ್ಲಿಪ್ ಹಾಕಿ. ಮುಂದಿನ ಸಾಲಿನ ಫೋಟೊ ಒಂದು, ಕಾಯಿ ಸೀಳಿದ ಕೈ, ಕೇಶ್ವಾಪುರದ ಕಂಬದ ಫೋಟೊಗಳು ಸಾಲಾಗಿ, ಟೈರಿನ ಜೋಡಿ, ತಹಶೀಲ್ದಾರರ ಕಚೇರಿ ಮುಂದೆ ಚಪ್ಪಲಿ ಬಿಟ್ಟು ಕೂತು ಬುತ್ತಿ ಬಿಚ್ಚಿದವರು. ಪ್ರತಿಯೊಂದರ ಕೆಳಗೆ ಹೊತ್ತು, ಜಾಗ, ಒಂದೆರಡು ಸಾಲು ವಿವರ. ಕಾಯಿಯ ಫೋಟೊ ಕೆಳಗೆ ಮಾತ್ರ ಬೇರೆ ಏನೂ ಬರೆಯದೆ ಎರಡು ದರ ಬರೆದೆವು: ಬೆಂಬಲ ಬೆಲೆ 8,768, ಅದರ ಪಕ್ಕ ಆ ಹೆಣ್ಣುಮಗಳಿಗೆ ಪೇಟೆಯಲ್ಲಿ ನಿಜವಾಗಿ ಸಿಕ್ಕ ದರ, ಅವಳದ್ದೇ ಅಕ್ಷರದಲ್ಲಿ. ಜನ ಜಾಸ್ತಿ ಹೊತ್ತು ನಿಂತದ್ದು ಅಲ್ಲೇ.

ಸಂಘಟಕರು ಈಗ ಗೋವಿನಜೋಳದ ದರಕ್ಕೆ ಇನ್ನೊಂದು ಮೆರವಣಿಗೆ ಅನ್ನುತ್ತಿದ್ದಾರೆ. ಹಾಳೆಗೆ ಎರಡು ಹೊಸ ಸಾಲು ಸೇರಿಸಿ ಕಳಿಸಿದ್ದೇನೆ. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದವರ ಫೋಟೊ ತೆಗೆಯುವ ಮೊದಲು ಕೇಳೋದು ಅಂತ ಒಂದು. ಟೈರ್ ತಂದರೆ ನೀರಿನ ಕೊಡವೂ ತರೋದು ಅಂತ ಇನ್ನೊಂದು. ಎರಡನೆಯದನ್ನು ಅವರು ತಮಾಷೆ ಅಂದುಕೊಂಡಿದ್ದಾರೆ. ಮೊದಲನೆಯದಕ್ಕೆ ಸಹಿ ಬಿದ್ದಿದೆ.